ಒಂದು ದಿನ ತಡವಾದರೆ ಒಂದು ಲಕ್ಷ

ಅಮೆರಿಕದ ದೊಡ್ಡ ವಿಮಾನ ಕಂಪನಿಗಳಲ್ಲಿ ಪೈಲಟ್ ಆಗಿ ಸೇರಿದವರಿಗೆ ಮೊದಲ ದಿನವೇ ಒಂದು ನಂಬರ್ ಅಂಟಿಕೊಳ್ಳುತ್ತದೆ. ಅದು ಸೀನಿಯಾರಿಟಿ ನಂಬರ್. ಕಂಪನಿಯಲ್ಲಿ 16 ಸಾವಿರ ಪೈಲಟ್‌ಗಳಿದ್ದರೆ ಹೊಸಬರ ನಂಬರ್ 16,001. ಅಂದರೆ ಮುಂದೆ 16 ಸಾವಿರ ಜನ! ಇವರೆಲ್ಲ ಎರಡೆರಡು ಅಡಿ ಅಂತರದಲ್ಲಿ ಕ್ಯೂ ನಿಂತರೆ ಮೆಜೆಸ್ಟಿಕ್‌ನಲ್ಲಿ ಶುರುವಾದ ಸಾಲು ಹೆಬ್ಬಾಳ ಮುಟ್ಟೀತು. ಕೌಂಟರ್ ಇರುವುದು ಮೆಜೆಸ್ಟಿಕ್‌ನಲ್ಲಿ, ಹೊಸಬರು ನಿಂತಿರುವುದು ಹೆಬ್ಬಾಳದಲ್ಲಿ. ಈ ಕ್ಯೂ ಕರಗಲು ಮೂವತ್ತು, ಮೂವತ್ತೈದು ವರ್ಷ ಬೇಕು. ನಡುವೆ ನುಗ್ಗುವಂತಿಲ್ಲ, ಶಿಫಾರಸು ನಡೆಯುವುದಿಲ್ಲ. ನೀವು ಎಷ್ಟು ಚೆನ್ನಾಗಿ ವಿಮಾನ ಹಾರಿಸುತ್ತೀರಿ ಎಂಬುದೂ ಕ್ಯೂಗೆ ಬೇಕಿಲ್ಲ.

ಈ ಒಂದು ನಂಬರ್ ತೀರ್ಮಾನಿಸದ ಸಂಗತಿಯೇ ಇಲ್ಲ. ಯಾವ ಊರಿನಿಂದ ಹಾರಬೇಕು, 150 ಸೀಟಿನ ವಿಮಾನವೋ 300 ಸೀಟಿನದೋ, ಎಡಗಡೆಯ ಕ್ಯಾಪ್ಟನ್ ಕುರ್ಚಿಯೋ ಬಲಗಡೆಯ ಫಸ್ಟ್ ಆಫೀಸರ್ ಕುರ್ಚಿಯೋ, ಕ್ರಿಸ್‌ಮಸ್ ರಾತ್ರಿ ಮನೆಯಲ್ಲೋ ಯಾವುದೋ ಊರಿನ ಹೋಟೆಲಿನಲ್ಲೋ, ಎಲ್ಲವನ್ನೂ ನಂಬರೇ ಹೇಳುತ್ತದೆ. ಸರಿ, ಒಂದೇ ದಿನ ಒಂದೇ ಬ್ಯಾಚ್‌ಗೆ ಸೇರಿದವರಲ್ಲಿ ಯಾರು ಮುಂದೆ? ಕೆಲವು ಕಂಪನಿಗಳಲ್ಲಿ ವಯಸ್ಸಿನಲ್ಲಿ ಹಿರಿಯರು ಮುಂದೆ. ಇನ್ನು ಕೆಲವು ಕಡೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ಅಂಕಿಗಳನ್ನು ನೋಡುತ್ತಾರೆ! ಅಮೆರಿಕದಲ್ಲಿ ಸಾಮಾನ್ಯವಾಗಿ ಹುಟ್ಟಿದ ಕೂಸಿಗೇ ಸಿಗುವ ಸಂಖ್ಯೆ ಅದು. ತೊಟ್ಟಿಲಲ್ಲಿದ್ದಾಗ ಸರ್ಕಾರ ಕೊಟ್ಟ ನಾಲ್ಕು ಅಂಕಿ, ಐವತ್ತು ವರ್ಷ ಕಳೆದ ಮೇಲೆ ಹಬ್ಬದ ರಜೆ ಯಾರಿಗೆ ಎಂದು ತೀರ್ಪು ಕೊಡುತ್ತದೆ.

ಕ್ಯೂಗೆ ಸೇರಿಕೊಳ್ಳುವುದಕ್ಕೇ ಬೇರೊಂದು ಲೆಕ್ಕವಿದೆ. 2009ರ ಫೆಬ್ರವರಿಯಲ್ಲಿ ಬಫಲೋ ನಗರದ ಬಳಿ ಕೋಲ್ಗನ್ ಏರ್ ಸಂಸ್ಥೆಯ ವಿಮಾನ ಬಿದ್ದು 50 ಮಂದಿ ಸತ್ತರು. ಆ ಬಳಿಕ ಬಂದ ಕಾನೂನಿನ ಪ್ರಕಾರ, 2013ರಿಂದ ಪ್ರಯಾಣಿಕರ ವಿಮಾನದ ಬಲಗಡೆ ಕುರ್ಚಿಯಲ್ಲಿ ಕೂರಲೂ ಸಾಮಾನ್ಯವಾಗಿ 1,500 ಗಂಟೆ ಹಾರಾಟದ ಅನುಭವ ಬೇಕು. ಸೇನೆಯಿಂದ ಬಂದವರಿಗೆ 750 ಗಂಟೆ ಸಾಕು, ವೈಮಾನಿಕ ಪದವಿ ಪಡೆದವರಿಗೆ 1,000. ಉಳಿದ ಬಹುಪಾಲು ಮಂದಿಗೆ ಪೂರ್ತಿ 1,500. ಹಗಲು ರಾತ್ರಿ ಇಳಿಯದೆ ಹಾರಿದರೆ ಅದು 62 ದಿನ ಮತ್ತು ಅರ್ಧ. ಗಂಟೆಗೆ 200 ಕಿಲೋಮೀಟರ್ ಓಡುವ ಪುಟ್ಟ ಸೆಸ್ನಾದಲ್ಲಿ ಇದು 3 ಲಕ್ಷ ಕಿಲೋಮೀಟರ್, ಅಂದರೆ ಭೂಮಿಗೆ ಏಳೂವರೆ ಸುತ್ತು. ಚಂದ್ರನ ದಿಕ್ಕಿಗೆ ಹೊರಟಿದ್ದರೆ ಮುಕ್ಕಾಲು ದಾರಿಗಿಂತ ಮುಂದೆ ಹೋಗಿರುತ್ತಿದ್ದರು. ಬಹುಪಾಲು ಮಂದಿ ಇಷ್ಟು ದೂರವನ್ನು ಯಾವುದೋ ಸಣ್ಣ ಊರಿನ ಅದೇ ರನ್‌ವೇ ಸುತ್ತ ಶಿಷ್ಯರಿಗೆ ಪಾಠ ಹೇಳುತ್ತಲೇ ಮುಗಿಸುತ್ತಾರೆ.

ಇಷ್ಟೆಲ್ಲ ದಾಟಿದವರಿಗೆ ಒಂದು ಕಾಲದಲ್ಲಿ ಸಿಗುತ್ತಿದ್ದದ್ದು ಪುಡಿಗಾಸು. ಸಣ್ಣ ಪ್ರಾದೇಶಿಕ ಕಂಪನಿಗಳಲ್ಲಿ ಹೊಸ ಫಸ್ಟ್ ಆಫೀಸರ್‌ಗೆ ಹಾರಾಟದ ಗಂಟೆಗೆ 20 ಡಾಲರ್ ಚಿಲ್ಲರೆ. 2022ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಅಂಗಸಂಸ್ಥೆಗಳು ಅದನ್ನು 90 ಡಾಲರ್‌ಗೆ ಏರಿಸಿದವು. ಆ ವರ್ಷ ಅಲ್ಲಿನ ದೊಡ್ಡ ಕಂಪನಿಗಳು 13 ಸಾವಿರದ ಆಸುಪಾಸು ಪೈಲಟ್‌ಗಳನ್ನು ಸೇರಿಸಿಕೊಂಡವು. ಭಾನುವಾರ, ಹಬ್ಬ ಹರಿದಿನ ಎಲ್ಲ ಸೇರಿಸಿ ದಿನಕ್ಕೆ 35 ಮಂದಿ! ಮರುವರ್ಷ ಸಂಬಳದ ಒಪ್ಪಂದಗಳು ಸಾಲುಗಟ್ಟಿ ಬಂದವು. ಡೆಲ್ಟಾದ್ದು 700 ಕೋಟಿ ಡಾಲರ್‌ಗೂ ಹೆಚ್ಚು, ಅಮೆರಿಕನ್‌ನದು 960 ಕೋಟಿ, ಯುನೈಟೆಡ್‌ನದು 1,000 ಕೋಟಿ, 2024ರ ಜನವರಿಯಲ್ಲಿ ಸೌತ್‌ವೆಸ್ಟ್‌ನದು 1,200 ಕೋಟಿ. ನಾಲ್ಕನ್ನೂ ಕೂಡಿಸಿ ಆಗಿನ ವಿನಿಮಯ ದರದಲ್ಲಿ ರೂಪಾಯಿಗೆ ತಿರುಗಿಸಿದರೆ ಸುಮಾರು 3.2 ಲಕ್ಷ ಕೋಟಿ. 2023ರ ಜುಲೈನಲ್ಲಿ ಸಿದ್ದರಾಮಯ್ಯ ಮಂಡಿಸಿದ ಕರ್ನಾಟಕದ ಬಜೆಟ್ ಗಾತ್ರ 3.27 ಲಕ್ಷ ಕೋಟಿ. ಸುಮಾರು ಏಳು ಕೋಟಿ ಜನರ ಒಂದು ವರ್ಷದ ರಸ್ತೆ, ಶಾಲೆ, ಆಸ್ಪತ್ರೆ, ಪಿಂಚಣಿ, ಗ್ಯಾರಂಟಿ ಎಲ್ಲ ಸೇರಿದ ಮೊತ್ತದ ಹತ್ತಿರಕ್ಕೆ, 60 ಸಾವಿರಕ್ಕೂ ಕಡಿಮೆ ಪೈಲಟ್‌ಗಳ ನಾಲ್ಕೈದು ವರ್ಷದ ಹೆಚ್ಚಳವೇ ಬಂದು ನಿಂತಿತು.

ಈಗ ಎರಡು ಕಂಪನಿಗಳ ಆಫರ್ ತೂಗುವ ಮಾತಿಗೆ ಬರೋಣ. ಮೊದಲ ವರ್ಷದ ಸಂಬಳ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಇರಲಿ. ಒಂದು ಕಂಪನಿ ಮಾರ್ಚ್ 1ಕ್ಕೆ ತರಬೇತಿಗೆ ಬನ್ನಿ ಎನ್ನುತ್ತದೆ, ಇನ್ನೊಂದು ಮಾರ್ಚ್ 22ಕ್ಕೆ. ಮೂರು ವಾರ ತಡವಾದರೆ ಏನು ಮಹಾ, ಮೂರು ವಾರದ ಸಂಬಳ ಹೋಯಿತು ಅಷ್ಟೇ ಎಂದು ನಮಗೆ ಅನಿಸುತ್ತದೆ. ಅಲ್ಲೇ ಲೆಕ್ಕ ತಪ್ಪುವುದು. 65ನೇ ಹುಟ್ಟುಹಬ್ಬದ ದಿನ ಕಾನೂನು ಎಲ್ಲರನ್ನೂ ಕುರ್ಚಿಯಿಂದ ಎಬ್ಬಿಸುತ್ತದೆ. ಸೇರುವುದು ತಡವಾದಷ್ಟೂ ಮೇಲಿನ ಮೆಟ್ಟಿಲಲ್ಲಿ ನಿಲ್ಲುವ ದಿನಗಳು ಕಡಿಮೆಯಾಗುತ್ತವೆ. ಹಾಗಾಗಿ ಕೈತಪ್ಪುವುದು ಮೊದಲ ವರ್ಷದ ಸಣ್ಣ ಸಂಬಳದ ದಿನಗಳಲ್ಲ, ಕೊನೆಯ ವರ್ಷದ ದೊಡ್ಡ ಸಂಬಳದ ದಿನಗಳು. ದೊಡ್ಡ ವಿಮಾನದ ಹಿರಿಯ ಕ್ಯಾಪ್ಟನ್‌ಗೆ ಇವತ್ತು ಗಂಟೆಗೆ 450 ಡಾಲರ್‌ಗೂ ಮೇಲೆ. ತಿಂಗಳಿಗೆ 80 ಗಂಟೆ ಹಿಡಿದರೆ ವರ್ಷಕ್ಕೆ 4,32,000 ಡಾಲರ್, ನಮ್ಮ ಲೆಕ್ಕದಲ್ಲಿ ಮೂರೂಮುಕ್ಕಾಲು ಕೋಟಿ ರೂಪಾಯಿಯ ಆಸುಪಾಸು. 365ರಿಂದ ಭಾಗಿಸಿ ನೋಡಿ. ಒಂದು ದಿನ ತಡವಾದರೆ ಒಂದು ಲಕ್ಷ ರೂಪಾಯಿ! ಮೂರು ವಾರಕ್ಕೆ 21 ಲಕ್ಷ. ನಷ್ಟವೇನೋ ಮೂವತ್ತೈದು ವರ್ಷ ಕಳೆದ ಮೇಲೆ ಗೊತ್ತಾಗುವುದು, ಆದರೆ ಅದು ನಿಶ್ಚಯವಾಗುವುದು ಇವತ್ತು ಎತ್ತುವ ಫೋನಿನಲ್ಲಿ.

ಒಮ್ಮೆ ಕ್ಯೂ ಬಿಟ್ಟರೆ ಕಥೆ ಇನ್ನೂ ವಿಚಿತ್ರ. 20 ಸಾವಿರ ಗಂಟೆ ಹಾರಿಸಿದ 50 ವರ್ಷದ ಕ್ಯಾಪ್ಟನ್ ಬೇರೆ ಕಂಪನಿಗೆ ಹೋದರೆ, ಹಿಂದಿನ ವಾರ 1,500 ಗಂಟೆ ಮುಗಿಸಿ ಅಲ್ಲಿ ಸೇರಿದ 24ರ ಹುಡುಗಿಯ ಹಿಂದೆ ನಿಲ್ಲಬೇಕು. 20 ಸಾವಿರ ಗಂಟೆ ಎಂದರೆ ಎರಡು ವರ್ಷ ಮೂರು ತಿಂಗಳು ನೆಲ ಮುಟ್ಟದೆ ಆಕಾಶದಲ್ಲೇ ಕಳೆದಷ್ಟು ಕಾಲ. ಕ್ಯೂನಲ್ಲಿ ಅದರ ಬೆಲೆ ಸೊನ್ನೆ.

ಇನ್ನು ಊರಿನ ವಿಚಾರ. ಕಂಪನಿ ಕೊಡುವ ಬೇಸ್ ಒಂದು ನಗರ, ಮನೆ ಇರುವುದು ಇನ್ನೊಂದು ನಗರ. ಕೋಲ್ಗನ್ ಅಪಘಾತದ ತನಿಖೆ ನಡೆಸಿದವರು ನ್ಯೂಅರ್ಕ್ ಬೇಸ್‌ನ 137 ಪೈಲಟ್‌ಗಳ ವಿಳಾಸ ತೆಗೆದು ನೋಡಿದರು. 93 ಮಂದಿ ಬೇರೆ ಊರಿನಿಂದ ಬಂದು ಹೋಗುವವರು. ಅವರಲ್ಲಿ 29 ಮಂದಿಯ ಮನೆ ಇದ್ದದ್ದು 1,000 ಮೈಲಿಗೂ ಆಚೆ! ಬಿದ್ದ ವಿಮಾನದ ಫಸ್ಟ್ ಆಫೀಸರ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಸರಕು ವಿಮಾನ ಹತ್ತಿ, ಮೆಂಫಿಸ್‌ನಲ್ಲಿ ಇಳಿದು, ಇನ್ನೊಂದು ಸರಕು ವಿಮಾನ ಹಿಡಿದು ನ್ಯೂಅರ್ಕ್ ತಲುಪಿದ್ದರು. ಸಿಯಾಟಲ್ ಮತ್ತು ನ್ಯೂಅರ್ಕ್ ನಡುವೆ ನೇರ ದೂರವೇ ಸುಮಾರು 3,860 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ಹಾರಿ ವಾಪಸ್ ಬಂದರೂ ಇಷ್ಟಾಗುವುದಿಲ್ಲ.

ಇಷ್ಟು ದೂರದಲ್ಲಿ ಮನೆ ಇಟ್ಟುಕೊಂಡು ತಿಂಗಳಿಗೆ ನಾಲ್ಕು ಸಲ ಹೋಗಿಬಂದರೆ ವರ್ಷಕ್ಕೆ 3 ಲಕ್ಷ 70 ಸಾವಿರ ಕಿಲೋಮೀಟರ್. ಚಂದ್ರ ಇರುವುದು 3 ಲಕ್ಷ 84 ಸಾವಿರ ಕಿಲೋಮೀಟರ್ ದೂರದಲ್ಲಿ. ಬರೀ ಆಫೀಸು ತಲುಪುವುದಕ್ಕೆ, ಒಂದು ಪೈಸೆ ಸಂಬಳವಿಲ್ಲದೆ, ವರ್ಷ ವರ್ಷ ಚಂದ್ರನ ಹೊಸಿಲವರೆಗೆ ಪ್ರಯಾಣ! ಹೋಗಲು ಒಂದು ದಿನ, ಬರಲು ಒಂದು ದಿನ ಹಿಡಿದರೆ ವರ್ಷಕ್ಕೆ 96 ದಿನ. 25 ವರ್ಷಕ್ಕೆ 2,400 ದಿನ, ಅಂದರೆ ಆರೂವರೆ ವರ್ಷ. ಅದೂ ಖಾತ್ರಿ ಸೀಟಿಲ್ಲದೆ. ಖಾಲಿ ಇದ್ದರೆ ಪ್ರಯಾಣಿಕರ ನಡುವೆ, ಇಲ್ಲದಿದ್ದರೆ ಕಾಕ್‌ಪಿಟ್‌ನಲ್ಲಿ ಪೈಲಟ್‌ಗಳ ಬೆನ್ನ ಹಿಂದಿನ ಮಡಚುವ ಜಂಪ್ ಸೀಟಿನಲ್ಲಿ. ಅದಕ್ಕೂ ಬೇರೆ ಪೈಲಟ್‌ಗಳು ಕಾದು ನಿಂತಿರುತ್ತಾರೆ.

ತಲುಪಿದ ಮೇಲೆ ಉಳಿಯುವುದು ಕ್ರ್ಯಾಶ್ ಪ್ಯಾಡ್‌ನಲ್ಲಿ. ನ್ಯೂಯಾರ್ಕ್‌ನ ಎರಡು ಏರ್‌ಪೋರ್ಟ್‌ಗಳ ನಡುವೆ ಇರುವ ಕ್ಯೂ ಗಾರ್ಡನ್ಸ್ ಬಡಾವಣೆ ಇದಕ್ಕೆ ಹೆಸರುವಾಸಿ. ಮೂರು ಕೋಣೆಯ ಒಂದು ಮನೆ, ಗೋಡೆಗೆ ಆತುಕೊಂಡ ಎರಡಂತಸ್ತಿನ ಮಂಚಗಳು, ಪ್ರತಿ ಮಂಚಕ್ಕೂ ಒಂದು ಪರದೆ, ಫ್ರಿಜ್‌ನಲ್ಲಿ ಹಾಲಿನ ಡಬ್ಬಿಗಳ ಮೇಲೆಲ್ಲ ಹೆಸರಿನ ಚೀಟಿ. ಮಂಚ ಸ್ವಂತಕ್ಕೆ ಬೇಕೆಂದರೆ ಬಾಡಿಗೆ ಹೆಚ್ಚು. ಒಬ್ಬರು ಎದ್ದು ಹೋದ ಜಾಗದಲ್ಲಿ ಇನ್ನೊಬ್ಬರು ಚಾದರ ಹಾಸಿಕೊಳ್ಳುವ ಲೆಕ್ಕದಲ್ಲಾದರೆ ಕಡಿಮೆ. ಕೋಟಿಗಟ್ಟಲೆ ಡಾಲರಿನ ವಿಮಾನ ಕೈಗೆ ಕೊಡುವ ಕಂಪನಿ, ತಾನೇ ಕೊಟ್ಟ ಬೇಸ್‌ನಲ್ಲಿ ಮಲಗಲು ಸಾಮಾನ್ಯವಾಗಿ ದಿಂಬನ್ನೂ ಕೊಡುವುದಿಲ್ಲ. ಹೊಸಬರಾಗಿ ರಿಸರ್ವ್‌ನಲ್ಲಿದ್ದರೆ ಫೋನ್ ಬಂದ ಎರಡು ಮೂರು ಗಂಟೆಯೊಳಗೆ ಹಾಜರಾಗಬೇಕು. 3,860 ಕಿಲೋಮೀಟರ್ ಆಚೆಯ ಮನೆಯಲ್ಲಿ ಕೂತು ಅದು ಆಗದ ಮಾತು.

ಇದು ಹೊಸಬರ ಪಾಡು ಮಾತ್ರ ಎಂದುಕೊಳ್ಳಬೇಡಿ. 2009ರ ಜನವರಿ 15ರಂದು ಹಕ್ಕಿಗಳು ಬಡಿದು ಎರಡೂ ಎಂಜಿನ್ ನಿಂತ ವಿಮಾನವನ್ನು ಹಡ್ಸನ್ ನದಿಯ ಮೇಲಿಳಿಸಿ 155 ಮಂದಿಯನ್ನೂ ಉಳಿಸಿದ ಕ್ಯಾಪ್ಟನ್ ಚೆಸ್ಲಿ ಸಲ್ಲೆನ್‌ಬರ್ಗರ್ ಗೊತ್ತಲ್ಲ? ಅವರ ಮನೆ ಕ್ಯಾಲಿಫೋರ್ನಿಯಾದಲ್ಲಿ, ಬೇಸ್ ಇದ್ದದ್ದು ಷಾರ್ಲಟ್‌ನಲ್ಲಿ. ನಡುವೆ ಸುಮಾರು 3,700 ಕಿಲೋಮೀಟರ್. ಆ ದಿನ ಅವರ ಖಾತೆಯಲ್ಲಿದ್ದದ್ದು 19,663 ಗಂಟೆ ಹಾರಾಟ, ಸೆಕೆಂಡಿಗೆ ತಿರುಗಿಸಿದರೆ 7 ಕೋಟಿ ದಾಟುತ್ತದೆ. ಹಕ್ಕಿ ಬಡಿದ ಕ್ಷಣದಿಂದ ನೀರು ಮುಟ್ಟುವವರೆಗೆ ಸುಮಾರು 208 ಸೆಕೆಂಡು. ಇಡೀ ಅನುಭವದ 3 ಲಕ್ಷ 40 ಸಾವಿರದಲ್ಲಿ ಒಂದು ಪಾಲು ಅದು. ಜಗತ್ತಿಗೆ ಅವರು ಗೊತ್ತಾದದ್ದು ಆ ಒಂದು ಪಾಲಿನಿಂದ.

ಪಕ್ಕದ ಕುರ್ಚಿಯಲ್ಲಿದ್ದ ಜೆಫ್ ಸ್ಕೈಲ್ಸ್ ಲೆಕ್ಕ ಇದಕ್ಕಿಂತ ಸೋಜಿಗದ್ದು. ಒಟ್ಟು 15 ಸಾವಿರಕ್ಕೂ ಹೆಚ್ಚು ಗಂಟೆ ಹಾರಿದ್ದವರು, ಕಂಪನಿಯಲ್ಲಿ ಎರಡು ದಶಕ ದಾಟಿದ್ದವರು, ಒಮ್ಮೆ ಕ್ಯಾಪ್ಟನ್ ಕುರ್ಚಿಯಲ್ಲಿ ಕೂತಿದ್ದವರು. ಕಂಪನಿ ಸಣ್ಣದಾಗುತ್ತ ಬಂದಂತೆ ಮತ್ತೆ ಬಲಗಡೆಗೆ ಸರಿದಿದ್ದರು. ಆ ಜಾತಿಯ ವಿಮಾನದಲ್ಲಿ ಅವರಿಗಿದ್ದ ಅನುಭವ 37 ಗಂಟೆ! ಒಂದೂವರೆ ದಿನ. ನದಿಯ ಮೇಲಿಳಿದ ನಲವತ್ತನೇ ದಿನ, ಫೆಬ್ರವರಿ 24ರಂದು, ಸಲ್ಲೆನ್‌ಬರ್ಗರ್ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕೂತು ತಮ್ಮ ಸಂಬಳ ನೂರಕ್ಕೆ 40ರಷ್ಟು ಕಡಿತವಾಗಿದೆ, ಪಿಂಚಣಿಯೂ ಹೋಗಿದೆ ಎಂದು ಹೇಳಿದರು. ದೇಶವೆಲ್ಲ ಚಪ್ಪಾಳೆ ಹೊಡೆಯುತ್ತಿದ್ದ ಹೊತ್ತಿನಲ್ಲಿ ಅವರು ಓದಿದ್ದು ಸಂಬಳದ ಚೀಟಿ. ನನ್ನ ಕಣ್ಣಿಗೆ ಅದೂ ಧೈರ್ಯದ ಕೆಲಸವೇ.

ಅವರ ಕಂಪನಿ ಯುಎಸ್ ಏರ್‌ವೇಸ್ 2005ರಲ್ಲಿ ಅಮೆರಿಕ ವೆಸ್ಟ್ ಜೊತೆ ಒಂದಾಗಿತ್ತು. ವಿಮಾನಗಳ ಬಣ್ಣ ಒಂದಾಯಿತು, ಟಿಕೆಟ್ ಒಂದಾಯಿತು. ಎರಡು ಕ್ಯೂಗಳನ್ನು ಹೊಸೆದು ಒಂದು ಮಾಡುವುದು ಮಾತ್ರ ಆಗಲಿಲ್ಲ. 2007ರಲ್ಲಿ ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್ ತೀರ್ಪು ಕೊಟ್ಟರು. ಮೊದಲ 517 ಸ್ಥಾನ ಪೂರ್ವದ ಯುಎಸ್ ಏರ್‌ವೇಸ್‌ನವರಿಗೆ, ಆಮೇಲಿನದು ಅವರವರ ಸ್ಥಾನದ ಅನುಪಾತದಲ್ಲಿ, ಮನೆಗೆ ಕಳುಹಿಸಿದ್ದವರು ಕಟ್ಟಕಡೆಗೆ. ಪೂರ್ವದಲ್ಲಿ ಹದಿನಾರು, ಹದಿನೇಳು ವರ್ಷ ದುಡಿದವರು, ಪಶ್ಚಿಮದ ಅಮೆರಿಕ ವೆಸ್ಟ್‌ನಲ್ಲಿ ಕೆಲವೇ ತಿಂಗಳ ಹಿಂದೆ ಸೇರಿದವರ ಪಕ್ಕಕ್ಕೆ ಬಂದು ಬಿದ್ದರು. ಸಿಟ್ಟಿಗೆದ್ದ ಪೂರ್ವದವರು ತಮ್ಮ ಹಳೆಯ ಸಂಘವನ್ನೇ ಮತ ಹಾಕಿ ಕಿತ್ತೆಸೆದು ಹೊಸದು ಕಟ್ಟಿದರು. ಕೋರ್ಟು ಮೇಲೆ ಕೋರ್ಟು. ಪೂರ್ವದ ಕ್ಯಾಪ್ಟನ್ ಪಕ್ಕ ಪಶ್ಚಿಮದ ಫಸ್ಟ್ ಆಫೀಸರ್ ಕೂರುವಂತಿರಲಿಲ್ಲ. ಕೊನೆಗೆ ಈ ಕಂಪನಿಯೇ 2013ರಲ್ಲಿ ಅಮೆರಿಕನ್ ಜೊತೆ ಕೂಡಿ, 2016ರಲ್ಲಿ ಸುಮಾರು 15 ಸಾವಿರ ಹೆಸರುಗಳ ಒಂದೇ ಪಟ್ಟಿ ಬಂತು. ಹನ್ನೊಂದು ವರ್ಷ, ಅಂದರೆ ನಾಲ್ಕು ಸಾವಿರ ದಿನ, ಒಂದು ಪಟ್ಟಿ ಬರೆಯಲು!

ಫರ್ಲೋ ಎಂಬುದು ಬಂದಾಗ ಇದೇ ಪಟ್ಟಿಯನ್ನು ಕೆಳಗಿನಿಂದ ಓದುತ್ತಾರೆ. ನಂಬರ್ ಉಳಿಯುತ್ತದೆ, ಸಂಬಳ ನಿಲ್ಲುತ್ತದೆ, ಕಂಪನಿಗೆ ಬೇಕಾದಾಗ ಅದೇ ಕ್ರಮದಲ್ಲಿ ವಾಪಸ್ ಕರೆಯುತ್ತಾರೆ. ಕಡಿಮೆ ದರದ ಸ್ಪಿರಿಟ್ ಕಂಪನಿ 2024ರ ಸೆಪ್ಟೆಂಬರ್‌ನಲ್ಲಿ 186 ಪೈಲಟ್‌ಗಳನ್ನು, 2025ರ ಜನವರಿ ಕೊನೆಗೆ ಇನ್ನೂ 330 ಮಂದಿಯನ್ನು ಹೀಗೆ ಮನೆಗೆ ಕಳುಹಿಸಿತು. ಅದಕ್ಕೆ ಎರಡು ವರ್ಷ ಹಿಂದಷ್ಟೇ ಊರೆಲ್ಲ ಪೈಲಟ್‌ಗಳಿಗಾಗಿ ಬಾಯಿ ಬಿಡುತ್ತಿತ್ತು. ಆಗ ಬೇಗ ಕ್ಯಾಪ್ಟನ್ ಆಗಬಹುದೆಂದು ಸಣ್ಣ ಕಂಪನಿಯನ್ನು ಆರಿಸಿಕೊಂಡವರಿಗೂ, ತಡವಾದರೂ ಇರಲಿ ಎಂದು ದೊಡ್ಡ ಕಂಪನಿಯ ಬಾಲಕ್ಕೆ ಸೇರಿದವರಿಗೂ ಇದ್ದ ವ್ಯತ್ಯಾಸ ಈಗ ಬಿಡಿಸಿ ಹೇಳಬೇಕಿಲ್ಲ.

186 ಏನೂ ಅಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಯುನೈಟೆಡ್ ಒಂದೇ 2 ಸಾವಿರಕ್ಕೂ ಹೆಚ್ಚು ಪೈಲಟ್‌ಗಳನ್ನು ಕಳುಹಿಸಿತು. ವರ್ಷಗಳ ನಂತರ ವಾಪಸ್ ಕರೆಸಿಕೊಂಡಿತು. ಅಷ್ಟರಲ್ಲಿ 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿತು. ಮತ್ತೆ 1,437 ಮಂದಿ ಹೊರಗೆ. ಎರಡೂ ಸಲ ಮನೆಗೆ ಹೋದವರು ಇವರಲ್ಲಿದ್ದಾರೆ. ಸಾಲದ್ದಕ್ಕೆ 2007ರ ಡಿಸೆಂಬರ್ 13ರಂದು ಒಂದು ಸಹಿ ಬಿದ್ದು ನಿವೃತ್ತಿ ವಯಸ್ಸು 60ರಿಂದ 65ಕ್ಕೆ ಏರಿತು. ಮೇಲಿದ್ದವರಿಗೆ ಐದು ವರ್ಷ ಹಬ್ಬ. ಕೆಳಗಿದ್ದ ಸಾವಿರಾರು ಮಂದಿಯ ಕ್ಯೂ ಐದು ವರ್ಷ ನಿಂತಲ್ಲೇ ನಿಂತಿತು.

ಇದನ್ನೂ ಮೀರಿಸಿದ್ದು ಕೋವಿಡ್. 2020ರ ಏಪ್ರಿಲ್ 14ರಂದು ಇಡೀ ಅಮೆರಿಕದ ಏರ್‌ಪೋರ್ಟ್‌ಗಳ ತಪಾಸಣೆ ದಾಟಿದವರು 87,534 ಮಂದಿ. ಹಿಂದಿನ ವರ್ಷ ಇದೇ ಹೊತ್ತಿಗೆ ದಿನಕ್ಕೆ 22 ಲಕ್ಷ. ಆ ದಿನ ಅಷ್ಟು ದೊಡ್ಡ ದೇಶದಲ್ಲಿ ವಿಮಾನ ಹತ್ತಿದ ಎಲ್ಲರನ್ನೂ ಕರೆತಂದು ಅಹಮದಾಬಾದ್‌ನ 1,32,000 ಸೀಟಿನ ಕ್ರಿಕೆಟ್ ಸ್ಟೇಡಿಯಂನಲ್ಲಿ ಕೂರಿಸಿದ್ದರೆ 44 ಸಾವಿರ ಸೀಟು ಖಾಲಿ ಉಳಿಯುತ್ತಿದ್ದವು! ಅಕ್ಟೋಬರ್ 1ರಂದು ಅಮೆರಿಕನ್ ಏರ್‌ಲೈನ್ಸ್ 19 ಸಾವಿರ ನೌಕರರನ್ನು, ಯುನೈಟೆಡ್ 13 ಸಾವಿರ ನೌಕರರನ್ನು ಮನೆಗೆ ಕಳುಹಿಸಿದವು. ಎರಡೂ ಸೇರಿ 32 ಸಾವಿರ, ಒಂದೇ ಬೆಳಗ್ಗೆ. ಸರ್ಕಾರದ ಹಣ ಮತ್ತೆ ಹರಿದು ಡಿಸೆಂಬರ್ ಕೊನೆಗೆ ಅವರನ್ನು ವಾಪಸ್ ಕರೆಸಲಾಯಿತು. ನಾಲ್ಕು ವರ್ಷ ದಾಟುವ ಹೊತ್ತಿಗೆ, 2024ರ ಜುಲೈ 7ರಂದು, ಅದೇ ತಪಾಸಣೆ ದಾಟಿದವರು 30,13,413. ಅದೇ ಸ್ಟೇಡಿಯಂ ಈಗ ಇಪ್ಪತ್ತಮೂರು ಬೇಕು.

ನಮ್ಮಲ್ಲಿ ಇಂಥ ಫರ್ಲೋ ಪಟ್ಟಿಯ ಭರವಸೆಯೂ ಇಲ್ಲ. ಬೆಂಗಳೂರಿನ ವಿಜಯ ಮಲ್ಯ 2005ರಲ್ಲಿ ಹಾರಿಸಿದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನೆಲಕ್ಕಿಳಿಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು. ಕಂಪನಿಯೇ ಹೋದ ಮೇಲೆ ನಂಬರ್ ಯಾವ ಪಟ್ಟಿಯದು? ಬಿಟ್ಟು ಹೋಗುವುದೂ ಇಲ್ಲಿ ಸಲೀಸಲ್ಲ. 2017ರಿಂದ ಕ್ಯಾಪ್ಟನ್‌ಗಳು ಒಂದು ವರ್ಷ, ಫಸ್ಟ್ ಆಫೀಸರ್‌ಗಳು ಆರು ತಿಂಗಳು ಮೊದಲೇ ನೋಟಿಸ್ ಕೊಡಬೇಕೆಂದು ವಿಮಾನಯಾನ ನಿರ್ದೇಶನಾಲಯದ ನಿಯಮ. ಅಮೆರಿಕದಲ್ಲಿ ರೂಢಿ ಎರಡು ವಾರ. ನಮ್ಮ ಕ್ಯಾಪ್ಟನ್ ಕಾಯುವುದು ಅದರ ಇಪ್ಪತ್ತಾರು ಪಟ್ಟು.

ವರ್ಷಕ್ಕೆ 700 ಗಂಟೆ, ಗಂಟೆಗೆ 800 ಕಿಲೋಮೀಟರ್, 40 ವರ್ಷ. ಒಬ್ಬ ಪೈಲಟ್ ಬದುಕಿನಲ್ಲಿ ಕ್ರಮಿಸುವ ದೂರ 2 ಕೋಟಿ 24 ಲಕ್ಷ ಕಿಲೋಮೀಟರ್, ಭೂಮಿಗೆ 560 ಸುತ್ತು. ಆಮೇಲೆ 65ರ ಕೇಕ್ ಕತ್ತರಿಸುತ್ತಾರೆ. ಕ್ಯೂನ ತುದಿಯಲ್ಲಿ ಒಂದು ಕೇಕ್ ಕತ್ತರಿಸಿದರೆ ಹಿಂದಿರುವ 16 ಸಾವಿರ ಮಂದಿಯೂ ಒಂದೊಂದು ಹೆಜ್ಜೆ ಮುಂದೆ ಬರುತ್ತಾರೆ. ಒಂದು ವರ್ಷಕ್ಕೆ ಮೇಲಿನಿಂದ ಇಂಥ 700 ಕೇಕ್ ಎಂದರೆ ಎಲ್ಲರ ಹೆಜ್ಜೆ ಕೂಡಿ ಒಂದು ಕೋಟಿ ಮೀರುತ್ತದೆ. ಕಾರ್ಗೋ ಕಂಪನಿಯೋ ಪ್ಯಾಸೆಂಜರ್ ಕಂಪನಿಯೋ, ಸಂಬಳ ಎಷ್ಟು, ಬೋನಸ್ ಎಷ್ಟು ಎಂಬ ಚರ್ಚೆಯೆಲ್ಲ ಈ ಕೇಕುಗಳ ಮುಂದೆ ಚಿಲ್ಲರೆ.

ನಿಮ್ಮ ಮನೆಯ ಮಗನೋ ಮಗಳೋ ಅಮೆರಿಕದಲ್ಲಿ ಪೈಲಟ್ ಆಗಿ ಎರಡು ಆಫರ್ ಹಿಡಿದು ಫೋನ್ ಮಾಡಿದರೆ ಸಂಬಳ ಕೇಳಲು ಹೋಗಬೇಡಿ. ಎರಡು ಪ್ರಶ್ನೆ ಸಾಕು. ತರಬೇತಿ ಯಾವ ದಿನ ಶುರು? ಆ ಕಂಪನಿಯ ಪಟ್ಟಿಯಲ್ಲಿ 60 ದಾಟಿದವರು ಎಷ್ಟು ಮಂದಿ ಇದ್ದಾರೆ? ದಿನಾಂಕ ಹತ್ತಿರವಿದ್ದು ಮುದುಕರು ಹೆಚ್ಚಿರುವ ಕಡೆ ಸೇರಲು ಹೇಳಿ.